ಊರ ಹೆಸರಿನಲ್ಲಿ ಹಾಜರಿ

ಮೊನ್ನೆ ಸಂಜೆ ಮಗಳು ಸೋಫಾದ ಮೇಲೆ ಕಾಲು ಮಡಚಿ ಕೂತು ಲ್ಯಾಪ್‌ಟಾಪಿನಲ್ಲಿ ಬ್ರಿಟಿಷರ ಒಂದು ಕಾಮಿಡಿ ಸೀರಿಯಲ್ ನೋಡುತ್ತಿದ್ದಳು. ಪಾಠ ಮಾಡಲು ಬಾರದ ಮೇಷ್ಟ್ರೊಬ್ಬನ ಕಥೆ. ಕ್ಲಾಸಿನ ಮಕ್ಕಳಿಗೆ ಗೊತ್ತಿರುವಷ್ಟೂ ಅವನಿಗೆ ಗೊತ್ತಿಲ್ಲ, ಮುಟ್ಟಿದ್ದೆಲ್ಲ ಎಡವಟ್ಟು, ಎರಡು ನಿಮಿಷಕ್ಕೊಮ್ಮೆ ಕಾಣದ ಜನರ ನಗು. ನಾನು ಅಡುಗೆಮನೆಯಲ್ಲಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದೆ. ಅಲ್ಲಿಂದಲೇ ಕೂಗಿದಳು: "ಮಾ, ಕಮ್ ಆಂಡ್ ಸೀ. ದಿಸ್ ಈಸ್ ಯುವರ್ ಜಾಗ್ರಫಿ ಸರ್. ದಿ ಒನ್ ಹೂ ಲಾಸ್ಟ್ ದಿ ಕಿಡ್." ನಾನು ಹೋಗಲಿಲ್ಲ. ಆ ಸರ್ ಭಟ್ಕಳದಲ್ಲಿ ತೀರಿಕೊಂಡು ಅವತ್ತಿಗೆ ಹನ್ನೊಂದು ದಿನವಾಗಿತ್ತು. ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಸುದ್ದಿ ಬಂದದ್ದು ಶಾಲೆಯ ಹಳೆಯ ಸ್ಟಾಫ್ ಗ್ರೂಪಿನಲ್ಲಿ. ಮೊದಲ ಹತ್ತು ನಿಮಿಷ ಎಲ್ಲರೂ ಕೈ ಮುಗಿದರು. ಹನ್ನೊಂದನೇ ನಿಮಿಷಕ್ಕೆ ಯಾರೋ "ಪಾಪ, ಆ ಫಾರ್ಮ್ ಟ್ರಿಪ್ ಮರೆಯೋಕೆ ಆಗುತ್ತಾ" ಎಂದು ಬರೆದರು. ಆಮೇಲೆ ಶುರುವಾಯಿತು. ನಗುವ ಮುಖಗಳು, ನಗುತ್ತಾ ಅಳುವ ಮುಖಗಳು. ನಾನು ನಾಲ್ಕು ಸಾಲು ಟೈಪ್ ಮಾಡಿ, ಅಳಿಸಿ, ಮತ್ತೆ ಟೈಪ್ ಮಾಡಿ, ಕೊನೆಗೆ ಒಂದು ಹೂವಿನ ಚಿತ್ರ ಕಳಿಸಿ ಫೋನ್ ಕವುಚಿ ಇಟ್ಟೆ.

ಅವರು ಒಳ್ಳೆಯ ಶಿಕ್ಷಕರಾಗಿದ್ದರು ಎಂದು ನಾನು ಹೇಳುವುದಿಲ್ಲ. ಸತ್ತವರ ಬಗ್ಗೆ ಹಾಗೆ ಹೇಳುವ ಪದ್ಧತಿಯಿದೆ, ಆದರೆ ಅವರೇ ಕೇಳಿದ್ದರೆ ನಗುತ್ತಿದ್ದರು. ನಮ್ಮದು ದುಬೈಯ ಅಲ್ ಕುಸೈಸ್‌ನ ಒಂದು ಇಂಡಿಯನ್ ಸ್ಕೂಲು. ಅಲ್ಲಿ ಅವರು ಐದರಿಂದ ಏಳನೇ ಕ್ಲಾಸಿನವರೆಗೆ ಸೋಷಿಯಲ್ ಪಾಠ ಮಾಡುತ್ತಿದ್ದರು, ನಾನು ಪಕ್ಕದ ರೂಮಿನಲ್ಲಿ ಗಣಿತ. ನಡುವಿನ ಗೋಡೆ ತೆಳು. ಅವರ ಕ್ಲಾಸಿನ ಗಲಾಟೆಯಲ್ಲಿ ನನ್ನ ಭಿನ್ನರಾಶಿಗಳು ಮುಳುಗಿ ಹೋಗುತ್ತಿದ್ದವು. ನಾನು ಹೋಗಿ ಬಾಗಿಲು ತಟ್ಟಿದರೆ ಮಕ್ಕಳಿಗಿಂತ ಮೊದಲು ಅವರೇ ಸುಮ್ಮನಾಗುತ್ತಿದ್ದರು.

ತಮ್ಮ ಕ್ಲಾಸಿಗೆ ತಾವೇ ಬಾಗಿಲು ತಟ್ಟಿ, ಒಳಗೆ ಬರಬಹುದಾ ಎಂದು ಮಕ್ಕಳನ್ನು ಕೇಳಿ ಹೋಗುವ ಮೇಷ್ಟ್ರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದಕ್ಕೂ ಮೊದಲು ಅಂಗಿಯ ಜೇಬನ್ನು ಮೂರು ಸಲ ತಟ್ಟಿ ನೋಡಿಕೊಳ್ಳುತ್ತಿದ್ದರು: ಎಮಿರೇಟ್ಸ್ ಐಡಿ, ಪೆನ್ನು, ಬೀಗದ ಕೈ. ಮೂರೂ ಇದ್ದರೆ ಒಳಗೆ. ಸ್ಮಾರ್ಟ್ ಬೋರ್ಡ್ ಬಂದ ಹೊಸದರಲ್ಲಿ ಅದರ ಮೇಲೆ ಅಳಿಸಲಾಗದ ಮಾರ್ಕರ್‌ನಿಂದ ಇಂಡಿಯಾದ ಪಶ್ಚಿಮ ಕರಾವಳಿ ಬರೆದುಬಿಟ್ಟರು. ಸ್ಪಿರಿಟ್ ಹಾಕಿ ಉಜ್ಜಿದರೂ ಕಛ್ ಕೊಲ್ಲಿ ಮಾತ್ರ ಹೋಗಲಿಲ್ಲ. ಇವತ್ತಿಗೂ ಆ ರೂಮಿನಲ್ಲಿ ಬಯಾಲಜಿ ಟೀಚರ್ ಹೃದಯದ ಚಿತ್ರ ಹಾಕಿದರೆ ಅದರ ಎಡಗಡೆಗೆ ಒಂದು ಕೊಲ್ಲಿ ಇರುತ್ತದೆ.

ಅವರದು ಭಟ್ಕಳದ ವ್ಯಾಪಾರಿ ಮನೆತನ. ಮನೆಮಾತು ನವಾಯತಿ, ನನ್ನ ಹತ್ತಿರ ಕನ್ನಡ. ನಾನು ಪುತ್ತೂರಿನ ಕಡೆಯವಳು ಎಂದು ಗೊತ್ತಾದ ದಿನದಿಂದ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಅವರದಾಯಿತು. ಮೂವರು ಅಣ್ಣಂದಿರು ದೇರಾದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಇವರನ್ನೂ ಮೊದಲು ಅಲ್ಲಿಯೇ ಕೂರಿಸಿದ್ದರಂತೆ. ಒಂದು ದಿನ ಒಬ್ಬ ಹೆಂಗಸು ಇಡೀ ಮನೆಯ ಪರದೆಗೆಂದು ಬಟ್ಟೆ ಆರಿಸಿ ಇಟ್ಟಾಗ ಇವರು, ಇದು ಒಗೆದರೆ ಗೇಣುದ್ದ ಕುಗ್ಗುತ್ತದೆ ಎಂದು ಹೇಳಿದರಂತೆ. ಅವತ್ತಿನಿಂದ ಅಂಗಡಿಯಲ್ಲಿ ಇವರು ನಗೆಪಾಟಲು. ಈದ್ ಊಟಕ್ಕೆ ಕೂತಾಗ ಪ್ರತಿ ವರ್ಷ ಆ ಪರದೆಯ ಕಥೆ ಬರುತ್ತದೆ ಎಂದು ಹೇಳಿದ್ದರು. "ಸ್ಕೂಲಲ್ಲಿ ಮಕ್ಕಳು ನಗಾಡ್ತಾರೆ, ಅದು ಆಗ್ತದೆ ಟೀಚರ್. ಸಣ್ಣವರಲ್ವಾ. ಅಲ್ಲಿ ಆಗುದಿಲ್ಲ." ಇಷ್ಟು ಹೇಳಿ ಜೇಬು ತಟ್ಟಿಕೊಂಡರು.

ಅವರ ದೊಡ್ಡ ಕಷ್ಟವೆಂದರೆ ಮಕ್ಕಳ ಹೆಸರು ನೆನಪಿರುತ್ತಿರಲಿಲ್ಲ. ಒಂದೊಂದು ಕ್ಲಾಸಿನಲ್ಲಿ ನಾಲ್ಕು ಆದಿತ್ಯ, ಮೂರು ಫಾತಿಮಾ. ಅವರ ತಲೆಯಲ್ಲಿ ಒಂದೂ ನಿಲ್ಲದು. ಅದಕ್ಕೊಂದು ದಾರಿ ಕಂಡುಕೊಂಡಿದ್ದರು. ಮಕ್ಕಳನ್ನು ಊರಿನ ಹೆಸರಿನಿಂದ ಕರೆಯುವುದು. ಇಲ್ಲಿಯ ಆಸ್ಪತ್ರೆಯಲ್ಲಿ ಹುಟ್ಟಿ ಇಲ್ಲಿಯ ಲಿಫ್ಟಿನಲ್ಲಿ ಬೆಳೆದ ಮಕ್ಕಳಿಗೆ ಊರೆಂದರೆ ಏನೆಂದು ಗೊತ್ತು? ಅಜ್ಜಿಗೆ ಫೋನ್ ಮಾಡಿ ಕೇಳಿಕೊಂಡು ಬನ್ನಿ, ನಿಮ್ಮ ಊರಿನ ಹೊಳೆ ಯಾವುದು ಎಂದು ಹೋಮ್‌ವರ್ಕ್ ಕೊಡುತ್ತಿದ್ದರು. ಇದು ಸಿಲೆಬಸ್ಸಿನಲ್ಲಿಲ್ಲ ಎಂದು ತಂದೆ ತಾಯಂದಿರು ದೂರು ಕೊಟ್ಟರು. ಆದರೆ ಹಾಜರಿ ಹಾಗೆಯೇ ನಡೆಯಿತು. ಭೂಪಟದಲ್ಲಿ ಮೇಲಿನಿಂದ ಕೆಳಕ್ಕೆ: ಜಮ್ಮು, ಲುಧಿಯಾನ, ಮೀರತ್... ಹೀಗೆ ಇಳಿದು ಇಳಿದು ನಾಗರಕೋಯಿಲ್‌ಗೆ ಮುಗಿಯುವಷ್ಟರಲ್ಲಿ ಕಾಲು ಪೀರಿಯಡ್ ಹೋಗಿರುತ್ತಿತ್ತು. ಮಕ್ಕಳಿಗೆ ಮಾತ್ರ ಅದು ಬಲು ಇಷ್ಟ. ಊರಿನ ಹೆಸರು ಕೇಳಿದ ಕೂಡಲೇ ಎದ್ದು ನಿಂತು ಕಿರುಚುತ್ತಿದ್ದರು.

ಒಂದು ವರ್ಷ ಶಾಲಾ ತಪಾಸಣೆಗೆ ಇಂಗ್ಲೆಂಡಿನ ಒಬ್ಬಾಕೆ ಬಂದಿದ್ದರು. ನಾವೆಲ್ಲ ಪಾಠವನ್ನು ವಾರಗಟ್ಟಲೆ ತಾಲೀಮು ಮಾಡಿದ್ದೆವು. ಇವರು ಗಾಬರಿಯಲ್ಲಿ ಒಂದು ಸೆಕ್ಷನ್ನಿಗೆ ಹಿಂದಿನ ದಿನವೇ ಮಾಡಿ ಮುಗಿಸಿದ ಪಾಠವನ್ನು ಮತ್ತೆ ಮೊದಲಿನಿಂದ ಶುರು ಮಾಡಿದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ, ತುಟಿ ಬಿಗಿಹಿಡಿದು, ಇದೇ ಮೊದಲು ಕೇಳುತ್ತಿರುವವರಂತೆ ಕೂತರು. ನಲವತ್ತು ಮಕ್ಕಳು ಸೇರಿ ಒಬ್ಬ ದೊಡ್ಡವರನ್ನು ಕಾಪಾಡುವುದನ್ನು ನಾನು ಬಾಗಿಲಿನ ಗಾಜಿನಿಂದ ನೋಡಿದೆ. ಆಮೇಲೆ ಚಹಾದ ಹೊತ್ತಿಗೆ ಆಕೆ ನಗುತ್ತಾ, ನಮ್ಮ ಟಿವಿಯಲ್ಲಿ ಇಂಥದೇ ಮೇಷ್ಟ್ರ ಒಂದು ಕಾಮಿಡಿ ಬರುತ್ತದೆ ಎಂದರು. ಎಲ್ಲರೂ ನಕ್ಕರು, ಇವರೂ ನಕ್ಕರು. ಆಕೆ ಹೋದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಅದ್ರಲ್ಲಿ ಕೊನೆಗೆ ಅವನ ಕೆಲಸ ಹೋಗ್ತದಾ ಟೀಚರ್?"

ಕಾಮಿಡಿ ಅಲ್ವಾ ಸರ್, ಮುಂದಿನ ವಾರ ಮತ್ತೆ ಅದೇ ಕ್ಲಾಸಲ್ಲಿ ಇರ್ತಾನೆ ಎಂದೆ. ಅವರಿಗೆ ಅಷ್ಟರಿಂದಲೇ ಸಮಾಧಾನವಾದಂತೆ ಕಂಡಿತು.

ಇನ್ನು ಆ ಟ್ರಿಪ್ಪಿನ ಮಾತು.

ಆ ವರ್ಷ ಜನವರಿಯಲ್ಲಿ ನನ್ನ ಗಂಡನ ಕಂಪನಿ ಮುಚ್ಚಿತ್ತು. ಅವರು ಡ್ರಾಫ್ಟ್ಸ್‌ಮನ್. ಕೆಲಸ ಹೋದ ಮೇಲೆ ಅವರನ್ನೂ ಎರಡು ಮಕ್ಕಳನ್ನೂ ನನ್ನ ವೀಸಾಕ್ಕೆ ಹಾಕಿಸಿಕೊಂಡಿದ್ದೆ. ಅಂದರೆ ಶಾಲೆಯಲ್ಲಿ ನನಗೆ ಏನಾದರೂ ಆದರೆ ನಾಲ್ವರೂ ಗಂಟುಮೂಟೆ ಕಟ್ಟಬೇಕು. ಬೆಳಿಗ್ಗೆ ಹಲ್ಲುಜ್ಜುವಾಗಲೂ ತಲೆಯಲ್ಲಿ ಅದೇ. ಅದರ ಮೇಲೆ ಡಿಸೆಂಬರಿನ ಒಂದು ಟ್ರಿಪ್ಪಿನಿಂದ ಬಸ್ಸು ತಡವಾಗಿ ತಂದೆನೆಂದು ನನಗೆ ಬರವಣಿಗೆಯಲ್ಲಿ ಎಚ್ಚರಿಕೆ ಬೇರೆ ಕೊಟ್ಟಿದ್ದರು. ಇನ್ನೊಂದು ಬಂದರೆ ಕಾಂಟ್ರ್ಯಾಕ್ಟ್ ಮುಂದುವರಿಯುವುದಿಲ್ಲ ಎಂದು ಸೂಪರ್‌ವೈಸರ್ ಕಿವಿಯಲ್ಲಿ ಹೇಳಿದ್ದಳು.

ಫೆಬ್ರವರಿಯಲ್ಲಿ ಐದನೇ ಕ್ಲಾಸಿನ ನಲವತ್ತು ಮಕ್ಕಳನ್ನು ಊರಾಚೆಯ ಒಂದು ಖರ್ಜೂರದ ಫಾರ್ಮಿಗೆ ಕರೆದುಕೊಂಡು ಹೋಗಬೇಕಾಯಿತು. ಇನ್‌ಚಾರ್ಜ್ ಅವರು, ಜೊತೆಗೆ ನಾನು. ಬಸ್ಸಿನ ಆಯಾ ಅವತ್ತು ಜ್ವರವೆಂದು ಬಂದಿರಲಿಲ್ಲ. ಫಾರ್ಮಿನಲ್ಲಿ ಅವತ್ತೇ ಶಾರ್ಜಾದ ಇನ್ನೊಂದು ಇಂಡಿಯನ್ ಸ್ಕೂಲೂ ಬಂದಿತ್ತು. ಅದೇ ತಿಳಿನೀಲಿ ಅಂಗಿ, ಅದೇ ಕಡುನೀಲಿ ಸ್ಕರ್ಟು, ಪ್ಯಾಂಟು. ಸಾಲದ್ದಕ್ಕೆ ಫಾರ್ಮಿನವರು ಎಲ್ಲ ಮಕ್ಕಳಿಗೂ ಒಂದೊಂದು ಹಸಿರು ಟೊಪ್ಪಿ ಹಂಚಿದರು. ಐಡಿ ಕಾರ್ಡುಗಳು ಬ್ಯಾಗಿನಲ್ಲಿ, ಬ್ಯಾಗುಗಳು ಬಸ್ಸಿನಲ್ಲಿ.

ಹೊರಡುವ ಹೊತ್ತಿಗೆ ಆಗಲೇ ತಡವಾಗಿತ್ತು. ಶಾಲೆ ಬಿಡುವ ಮೊದಲು ಬಸ್ಸು ವಾಪಸ್ಸು ಬರಬೇಕು, ಇಲ್ಲದಿದ್ದರೆ ಆ ರೂಟಿನ ಮಕ್ಕಳು ಗೇಟಿನಲ್ಲಿ ನಿಲ್ಲುತ್ತಾರೆ. ಸೂಪರ್‌ವೈಸರ್ ಎರಡು ಸಲ ಫೋನ್ ಮಾಡಿದ್ದಳು. ಪೇಶಾವರದ ಡ್ರೈವರ್ ಸ್ಟೀರಿಂಗ್ ತಟ್ಟುತ್ತಾ "ಯಲ್ಲಾ ಮೇಡಂ, ಯಲ್ಲಾ" ಎಂದು ಅವಸರಪಡಿಸುತ್ತಿದ್ದ. ಇವರು ಬಸ್ಸಿನ ನಡುವೆ ನಿಂತು ಜಮ್ಮುವಿನಿಂದ ಶುರು ಮಾಡಿದರು. ಲುಧಿಯಾನ. ಮೀರತ್. ಮೈಯೆಲ್ಲ ಉರಿದುಹೋಯಿತು ನನಗೆ. ಸರ್, ನೀವು ಕೂತುಕೊಳ್ಳಿ, ಎಣಿಸುವುದು ನಾನು ಎಣಿಸುತ್ತೇನೆ ಎಂದು ಮುಂದಿನಿಂದ ಹಿಂದಕ್ಕೆ ಬೆರಳು ತೋರಿಸುತ್ತಾ ಹೋದೆ. ನಲವತ್ತು. ಎಲ್ಲರೂ ಟೊಪ್ಪಿ ಹಾಕಿದ್ದರು. ನಾನು ಎಣಿಸಿದ್ದು ಟೊಪ್ಪಿಗಳನ್ನು.

ನಾನು ಎಣಿಸುತ್ತಿರುವಾಗಲೂ ಅವರು ಮೆಲುದನಿಯಲ್ಲಿ ಊರು ಕರೆಯುತ್ತಾ ಭೂಪಟ ಇಳಿಯುತ್ತಿದ್ದರೆಂದು ಕಾಣುತ್ತದೆ. ನಾನು ಮಕ್ಕಳ ಎಣಿಕೆಯ ಹಾಳೆ ಮುಂದೆ ಹಿಡಿದು ಇಲ್ಲಿ ಸೈನ್ ಮಾಡಿ ಎಂದಾಗ, ಪೆನ್ನು ಕೈಯಲ್ಲಿ ಹಿಡಿದುಕೊಂಡು ಹೇಳಿದರು:

"ರತ್ನಾಗಿರಿ ಮಾತಾಡ್ಲಿಲ್ಲ ಟೀಚರ್."

"ನಿದ್ದೆ ಮಾಡಿರ್ತಾಳೆ. ನಲವತ್ತು ಉಂಟು ಸರ್. ಮ್ಯಾಥ್ಸ್ ಟೀಚರ್ ನಾನು, ನೀವು ಸೈನ್ ಮಾಡಿ."

ಅವರು ಒಂದು ಸಲ ಹಿಂದಿನ ಸೀಟುಗಳ ಕಡೆ ನೋಡಿದರು. ಆಮೇಲೆ ಸೈನ್ ಮಾಡಿ ಕೂತರು.

ಎಮಿರೇಟ್ಸ್ ರೋಡಿನಲ್ಲಿ ಅರ್ಧ ದಾರಿಗೆ ಬಂದಾಗ ಒಂದು ಹುಡುಗಿ ಎದ್ದು ಬಂದು, ಶಾರ್ಜಾದ ರೋಡು ಆ ಕಡೆ ಅಲ್ಲವಾ ಮ್ಯಾಮ್ ಎಂದು ಕೇಳಿದಳು. ಟೊಪ್ಪಿ ತೆಗೆದಳು. ಆ ಮುಖವನ್ನು ನಾನು ಮೊದಲು ನೋಡಿರಲೇ ಇಲ್ಲ. ಸಂಖ್ಯೆ ಸರಿಯಾಗಿತ್ತು, ಮಗು ಬೇರೆಯದು. ಇವರು ಎದ್ದು ಹಿಂದಕ್ಕೆ ಹೋಗಿ, ವಾರಸುದಾರರಿಲ್ಲದ ಒಂದು ಗುಲಾಬಿ ಬ್ಯಾಗನ್ನು ಹುಡುಕಿ ತಂದು ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ಹೇಳಿದೆನಲ್ಲ ಎಂದು ಅನ್ನಲಿಲ್ಲ.

ಫಾರ್ಮಿಗೆ ಫೋನ್ ಮಾಡಿದರೆ, ಇಲ್ಲಿ ಮಗು ಯಾವುದೂ ಇಲ್ಲ, ಬಸ್ಸುಗಳೆಲ್ಲ ಹೋದವು ಎಂದರು. ಶಾರ್ಜಾದ ಸ್ಕೂಲಿನ ನಂಬರು ಹುಡುಕಿ ಮಾಡಿದರೆ ಯಾರೂ ಎತ್ತುತ್ತಿಲ್ಲ. ಒಂದು ಗಂಟೆ ಹತ್ತು ನಿಮಿಷ. ಆ ಹೊತ್ತಿನಲ್ಲಿ ನಾನು ಬೇಡದ ದೇವರಿಲ್ಲ, ನೆನೆಯದ ಕೆಟ್ಟದ್ದಿಲ್ಲ. ನಾವು ಶಾಲೆ ತಲುಪುವಾಗ ಕಳೆದುಹೋದ ಹುಡುಗಿಯ ತಾಯಿ ಗೇಟಿನಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದಳು. ನಾನು ಬಸ್ಸಿನಿಂದ ಇಳಿಯಲಿಲ್ಲ. ಬ್ಯಾಗು ಎತ್ತಿಕೊಂಡು ಇಳಿದದ್ದು ಅವರು.

ಮಗು ಸಿಕ್ಕಿತು. ಆಡುಗಳನ್ನು ನೋಡುತ್ತಾ ನಿಂತವಳು ಗಡಿಬಿಡಿಯಲ್ಲಿ ಆ ಇನ್ನೊಂದು ಬಸ್ಸು ಹತ್ತಿದ್ದಳು, ಆ ಬಸ್ಸಿನ ಹುಡುಗಿ ನಮ್ಮದನ್ನು. ಅಲ್ಲಿಯ ಟೀಚರ್ ಗಮನಿಸಿ ಎಲ್ಲಿಯವಳಮ್ಮ ನೀನು ಎಂದು ಕೇಳಿದರೆ ಅಳುತ್ತಾ "ರತ್ನಾಗಿರಿ" ಅಂದಳಂತೆ. ಏನು ಕೇಳಿದರೂ ರತ್ನಾಗಿರಿ. ಸ್ಕೂಲಿನ ಹೆಸರು ಬಾಯಿಗೆ ಬರುವಷ್ಟರಲ್ಲಿ ಬಹಳ ಹೊತ್ತಾಗಿತ್ತು.

ಮರುದಿನ ಪ್ರಿನ್ಸಿಪಾಲರ ರೂಮಿನಲ್ಲಿ ಈ ರತ್ನಾಗಿರಿಯೇ ದೊಡ್ಡದಾಯಿತು. ಮಕ್ಕಳಿಗೆ ತಮ್ಮ ಶಾಲೆಯ ಹೆಸರು ಮರೆಯುವ ಹಾಗೆ ಪಾಠ ಮಾಡುವ ಮೇಷ್ಟ್ರು ಎಂದರು ಪ್ರಿನ್ಸಿಪಾಲರು. ಎದುರಿಗೆ ಆ ಎಣಿಕೆಯ ಹಾಳೆ, ಅದರಲ್ಲಿ ಇವರ ಸೈನು. ಯಾರಿಗೂ ಆಶ್ಚರ್ಯವಾಗಿರಲಿಲ್ಲ, ಅದೇ ನನಗೆ ಅನುಕೂಲವಾದದ್ದು. ಎಣಿಸಿದ್ದು ನೀವೇ ತಾನೆ ಎಂದು ಕೇಳಿದರು. ಇವರು ನನ್ನ ಕಡೆ ನೋಡದೆಯೇ, ಎಣಿಕೆ ನನ್ನ ಜವಾಬ್ದಾರಿ ಸರ್ ಎಂದರು. ಪ್ರಿನ್ಸಿಪಾಲರು ನನ್ನತ್ತ ತಿರುಗಿ, ಮ್ಯಾಮ್, ನೀವು ಎಲ್ಲಿದ್ದಿರಿ ಎಂದರು.

"ನಾನು ಮುಂದಿನ ಸೀಟಿನಲ್ಲಿದ್ದೆ ಸರ್" ಎಂದೆ.

ಅದು ಸುಳ್ಳಲ್ಲ. ಬಸ್ಸು ಹೊರಟ ಮೇಲೆ ನಾನು ಮುಂದಿನ ಸೀಟಿನಲ್ಲೇ ಇದ್ದೆ. ಆ ಮಾತನ್ನು ಹಿಂದಿನ ರಾತ್ರಿಯಿಡೀ ಯೋಚಿಸಿ ಜೋಡಿಸಿಕೊಂಡಿದ್ದೆ.

ಹೊರಗೆ ಕಾರಿಡಾರಿನಲ್ಲಿ ಅವರನ್ನು ತಡೆದು ನಿಲ್ಲಿಸಿದೆ. ಸರ್, ನಾನು ವಾಪಸ್ಸು ಹೋಗಿ ಹೇಳಿಬಿಡುತ್ತೇನೆ ಎಂದೆ. ಎಂದೆನೇ ಹೊರತು ಕಾಲು ಕದಲಿಸಲಿಲ್ಲ.

"ಹೇಳಿ ಎಂತ ಮಾಡ್ತೀರಿ? ನಿಮ್ಮ ಮೇಲೆ ಮೂರು ಜನ ಇದ್ದಾರೆ. ನನ್ನವರು ಊರಲ್ಲೇ ಇರುದು. ನನಗೆ ಅಂಗಡಿ ಉಂಟು."

ಆ ಅಂಗಡಿ ಅವರಿಗೆ ಏನೆಂದು ಇಡೀ ಶಾಲೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಆದರೂ ಅವರು ಕೊಟ್ಟ ನೆಪವನ್ನು ಎರಡೂ ಕೈ ಚಾಚಿ ತೆಗೆದುಕೊಂಡು ನನ್ನ ಕ್ಲಾಸಿಗೆ ಹೋದೆ. ಮಾರ್ಚಿಗೆ ಅವರ ಕಾಂಟ್ರ್ಯಾಕ್ಟ್ ಮುಗಿಯಿತು, ಮುಂದುವರಿಸಲಿಲ್ಲ. ಬೀಳ್ಕೊಡುಗೆಯೂ ಆಗಲಿಲ್ಲ. ಪಕ್ಕದ ರೂಮಿಗೆ ಚುರುಕಾದ ಹುಡುಗಿಯೊಬ್ಬಳು ಬಂದಳು, ಗಲಾಟೆ ನಿಂತಿತು. ನಾನು ಪಾಠದ ನಡುವೆ ಆ ಗೋಡೆಯ ಕಡೆ ಕಿವಿಗೊಟ್ಟು ನಿಂತುಬಿಡುತ್ತಿದ್ದೆ.

ಆಮೇಲೆ ನಾನು ಸೂಪರ್‌ವೈಸರ್ ಆದೆ. ಗಂಡನಿಗೆ ಅಬುಧಾಬಿಯಲ್ಲಿ ಕೆಲಸ ಸಿಕ್ಕಿತು, ವೀಸಾ ಅವರ ಹೆಸರಿಗೆ ಹೋಯಿತು. ಆದರೆ ಎಣಿಸುವ ಕಾಯಿಲೆ ನನಗೆ ಅಂಟಿಕೊಂಡಿತು. ಕಾರಿನಲ್ಲಿ ಎರಡೇ ಮಕ್ಕಳು, ಪ್ರತಿ ಸಿಗ್ನಲ್ಲಿನಲ್ಲಿ ಹಿಂತಿರುಗಿ ಮುಖ ನೋಡುತ್ತೇನೆ. ಮಗಳು "ಮಾ, ವಿ ಆರ್ ಸ್ಟಿಲ್ ಹಿಯರ್" ಅನ್ನುತ್ತಾಳೆ. ಸರ್ ಮತ್ತೆ ಅಣ್ಣಂದಿರ ಅಂಗಡಿ ಸೇರಿದ್ದರಿಂದ ದೇರಾದ ಆ ಬೀದಿಯನ್ನು ಆರು ವರ್ಷ ತುಳಿಯಲಿಲ್ಲ. ಅಲ್ಲಿಂದ ಏನಾದರೂ ಬೇಕಿದ್ದರೆ ಗಂಡನನ್ನು ಕಳಿಸುತ್ತಿದ್ದೆ.

ಈ ವರ್ಷ ರಂಜಾನ್ ಕಳೆದ ಮೇಲೆ ಯಾರೋ ಹೇಳಿದರು, ಸರ್ ಮೈ ಸರಿಯಿಲ್ಲದೆ ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೋಗುತ್ತಿದ್ದಾರಂತೆ ಎಂದು. ಇನ್ನು ತಡ ಮಾಡಬಾರದು ಎನಿಸಿತು. ಅಣ್ಣನ ಎದುರಿಗೇ ಹೇಳುವುದು, ತಪ್ಪು ನನ್ನದು, ನಿಮ್ಮ ತಮ್ಮ ಸರಿಯಾಗಿಯೇ ಹೇಳಿದ್ದರು ಎಂದು. ಮೆಟ್ರೋದಲ್ಲಿ ಅಲ್ ಕುಸೈಸ್‌ನಿಂದ ದೇರಾದವರೆಗೂ ಆ ಎರಡು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡು ಹೋದೆ.

ಅಂಗಡಿಯ ಬಾಗಿಲಲ್ಲಿ ನನ್ನನ್ನು ಕಂಡು ಅವರು ಎದ್ದು ನಿಂತರು. ಬಹಳ ಇಳಿದು ಹೋಗಿದ್ದರು, ಅಂಗಿ ಮೈಮೇಲೆ ಜೋಲುತ್ತಿತ್ತು. ಕೌಂಟರಿನಲ್ಲಿ ಕೂತಿದ್ದ ದೊಡ್ಡಣ್ಣನಿಗೆ, ಇವರು ನಮ್ಮ ಸ್ಕೂಲಿನ ಟೀಚರ್ ಎಂದು ಹೆಮ್ಮೆಯಿಂದಲೇ ಪರಿಚಯಿಸಿದರು. ಅಣ್ಣ ಒಳ್ಳೆಯ ಮನುಷ್ಯ, ನನಗೆ ಕುರ್ಚಿ ಹಾಕಿಸಿ ಚಹಾ ತರಿಸಿದ. ಆಮೇಲೆ ನಗುತ್ತಾ ಹೇಳಿದ: "ಇವ ಮಗು ಬಿಟ್ಟು ಬಂದ ಕಥೆ ನಿಮಗೆ ಗೊತ್ತುಂಟಲ್ಲ ಟೀಚರ್? ನಮ್ಮಲ್ಲಿ ಸಣ್ಣ ಮಕ್ಕಳೂ ಹೇಳ್ತಾರೆ." ಬಟ್ಟೆ ಮಡಚುತ್ತಿದ್ದ ಇಬ್ಬರು ನಕ್ಕರು. ಅವರೂ ನಕ್ಕರು, ಸ್ಟಾಫ್ ರೂಮಿನಲ್ಲಿ ನಗುತ್ತಿದ್ದ ಅದೇ ನಗು.

ನಾನು ಕುರ್ಚಿಯಿಂದ ಎದ್ದೆ. ಗಂಟಲು ಸರಿಮಾಡಿಕೊಂಡೆ. ಅವರು ನನ್ನ ಮುಖ ನೋಡಿದರು. ಏನು ಹೇಳಲು ಹೊರಟಿದ್ದೇನೆಂದು ಗೊತ್ತಾಯಿತು ಅವರಿಗೆ. ನನಗಿಂತ ಬೇಗ ಬಾಯಿ ಬಿಟ್ಟರು.

"ಭಾಯ್, ಟೀಚರಿಗೆ ಅರ್ಜೆಂಟ್ ಉಂಟು, ಅವರು ಲೈನಿಂಗ್ ಬಟ್ಟೆಗೆ ಬಂದದ್ದು. ಎಷ್ಟು ಮೀಟರ್ ಟೀಚರ್?"

ಆಗ ನನಗೆ ಯಾವ ಭಯವೂ ಇರಲಿಲ್ಲ. ವೀಸಾ ನನ್ನದಲ್ಲ, ಗಂಡನಿಗೆ ಕೆಲಸವಿದೆ, ಆ ಪ್ರಿನ್ಸಿಪಾಲರು ಎಂದೋ ಬಿಟ್ಟು ಹೋಗಿದ್ದಾರೆ. ನನ್ನನ್ನು ತಡೆಯುವ ಒಂದು ಕಾರಣವನ್ನೂ ಇವತ್ತು ಹುಡುಕಿದರೂ ಕಾಣುತ್ತಿಲ್ಲ.

"ಎರಡು" ಎಂದೆ.

ಅವರು ಬಟ್ಟೆಯ ಸುರುಳಿ ಬಿಚ್ಚಿ, ಹಿತ್ತಾಳೆಯ ಅಳತೆಗೋಲಿಗೆ ಅಂಚು ಹಿಡಿದು, ನಿಧಾನವಾಗಿ ಎರಡು ಮೀಟರ್ ಅಳೆದರು. ಕತ್ತರಿ ಹಾಕುವ ಮೊದಲು ಅಣ್ಣ ಕೂತಲ್ಲಿಂದಲೇ, ಇನ್ನೊಮ್ಮೆ ಅಳೆ ಮಾರಾಯ, ನಿನ್ನ ಲೆಕ್ಕ ನಂಬುವ ಹಾಗಿಲ್ಲ ಎಂದ. ಅವರು ಮತ್ತೆ ಮೊದಲಿನಿಂದ ಅಳೆದರು. ಮೊದಲ ಸಲವೇ ಸರಿಯಾಗಿತ್ತು. ಎದುರಿಗೇ ನಿಂತು ನಾನು ಕಣ್ಣಾರೆ ನೋಡಿದ್ದೆ. ಅದನ್ನೂ ನಾನು ಹೇಳಲಿಲ್ಲ.